ಗೆಳೆಯನಿಗೊಂದು ಪತ್ರ: ಪಾರ್ಕನ್ನು ಕಾಯುವ ಕೆಲಸ

ಪ್ರೀತಿಯ ಶ್ರೀಧರ,

ನಿನ್ನ ಪತ್ರ ಓದಿ ತುಂಬಾ ಖುಷಿಯಾಯ್ತು. ಅಷ್ಟು ದೊಡ್ಡ ಪಾರ್ಕಿನ ಹಳೆಯ ಕಟ್ಟಡ, ಪ್ರತಿಮೆ, ಕೊಳ, ಸಾಲುಮರ ಎಲ್ಲವನ್ನೂ ನೋಡಿಕೊಳ್ಳುವ ಹೊಣೆ ನಿನ್ನ ಮೇಲೆ ಬಿದ್ದಿದೆ. ‘ಎಲ್ಲಿಂದ ಶುರು ಮಾಡಲಿ, ಮೊದಲು ಯಾವುದನ್ನು ರಿಪೇರಿ ಮಾಡಿಸಲಿ’ ಎಂದು ಕೇಳಿದ್ದೀಯ. ನನ್ನ ಮಾತು ಕೇಳುವುದಾದರೆ, ಮೊದಲ ವರ್ಷ ಯಾವ ದೊಡ್ಡ ಕೆಲಸಕ್ಕೂ ಕೈ ಹಾಕಬೇಡ. ಬೀಳುವಂತಿದ್ದರೆ ಆಸರೆ ಕೊಡು. ಸೋರುತ್ತಿದ್ದರೆ ನಿಲ್ಲಿಸು. ಉಳಿದ ಹೊತ್ತು ಓಡಾಡು, ನೋಡು, ಕೇಳು, ಬರೆದಿಡು. ಪಾರ್ಕಿನ ಪರಂಪರೆ ಹೆಚ್ಚಾಗಿ ಕಳೆದುಹೋಗುವುದು ದಿನದಿನದ ಆರೈಕೆ ತಪ್ಪಿದಾಗ, ಸ್ವಲ್ಪ ಸ್ವಲ್ಪವಾಗಿ.

ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ಕತೆ ನಿನಗೆ ಗೊತ್ತೇ ಇರಬೇಕು. 843 ಎಕರೆಯ ಪಾರ್ಕು. ಓಮ್‌ಸ್ಟೆಡ್ ಮತ್ತು ವಾಕ್ಸ್ ಎಂಬ ಇಬ್ಬರು ವಿನ್ಯಾಸಕಾರರು ಸೇರಿ ಮಾಡಿದ ಯೋಜನೆ 1858ರಲ್ಲಿ ಆಯ್ಕೆಯಾಯಿತು. 1970ರ ದಶಕದ ಹೊತ್ತಿಗೆ ಹುಲ್ಲು ಹೋಗಿ ಬರೀ ಮಣ್ಣು ಉಳಿದಿತ್ತು, ಕಲ್ಲಿನ ಕೆಲಸ ಒಡೆದಿತ್ತು, ಗೋಡೆಗಳ ತುಂಬಾ ಬಣ್ಣದ ಗೀಚು. 1980ರಲ್ಲಿ ಪಾರ್ಕನ್ನು ನೋಡಿಕೊಳ್ಳಲೆಂದೇ ಸೆಂಟ್ರಲ್ ಪಾರ್ಕ್ ಕನ್ಸರ್ವೆನ್ಸಿ ಎಂಬ ಸಂಸ್ಥೆ ಹುಟ್ಟಿತು. ಅವರು ಹಣ ತಂದರು, ಒಂದೊಂದೇ ಜಾಗ ಸರಿಮಾಡಿದರು. ಆದರೆ ನನಗೆ ಎಲ್ಲಕ್ಕಿಂತ ದೊಡ್ಡದು ಅನ್ನಿಸುವುದು ಅವರು 1996ರಲ್ಲಿ ಮಾಡಿದ ಕೆಲಸ. ಇಡೀ ಪಾರ್ಕನ್ನು 49 ತುಂಡುಗಳಾಗಿ ಹಂಚಿ, ಪ್ರತಿ ತುಂಡಿಗೂ ಒಬ್ಬ ತೋಟಗಾರನನ್ನು ಹೊಣೆ ಮಾಡಿದರು. ದಿನಾ ಅದೇ ಜಾಗ ನೋಡುವ ಕಣ್ಣಿಗೆ ಜಾರಿದ ಕಲ್ಲು ಅವತ್ತೇ ಕಾಣುತ್ತದೆ. ಕಟ್ಟಿಕೊಂಡ ಚರಂಡಿ ಮಳೆಗೆ ಮೊದಲೇ ಗೊತ್ತಾಗುತ್ತದೆ. ನಿನ್ನ ಪಾರ್ಕಿನಲ್ಲಿ ಇಂಥದ್ದು ಮಾಡಲು ಆಗುತ್ತದಾ ನೋಡು. ಹತ್ತು ಜನರ ತಂಡ ಇಡೀ ಪಾರ್ಕು ಸುತ್ತುವುದಕ್ಕಿಂತ ಇದು ಎಷ್ಟೋ ಮೇಲು.

ಆರೈಕೆ ತಪ್ಪಿದರೆ ಬೆಲೆ ಎಷ್ಟು ಎನ್ನುವುದಕ್ಕೂ ಅದೇ ಪಾರ್ಕಿನಲ್ಲಿ ಉದಾಹರಣೆ ಇದೆ. ಬೆಥೆಸ್ಡಾ ಟೆರೇಸಿನ ಕೆಳಗಿನ ಮಂಟಪದ ಛಾವಣಿಗೆ ಇಂಗ್ಲೆಂಡಿನ ಮಿಂಟನ್ ಕಂಪನಿಯ ಚಿತ್ತಾರದ ಬಿಲ್ಲೆಗಳು (ಟೈಲ್ಸ್), 15 ಸಾವಿರಕ್ಕೂ ಜಾಸ್ತಿ. ಮೇಲಿಂದ ನೀರು ಇಳಿದು ಇಳಿದು ಅವನ್ನು ಹಿಡಿದಿದ್ದ ಲೋಹ ತುಕ್ಕು ಹಿಡಿಯಿತು. 1980ರ ದಶಕದಲ್ಲಿ ಎಲ್ಲವನ್ನೂ ಇಳಿಸಿ ಗೋದಾಮಿಗೆ ಹಾಕಿದರು. ಅವು ಮತ್ತೆ ಛಾವಣಿ ಏರಿದ್ದು 2007ರಲ್ಲಿ. ಒಂದು ಸೋರಿಕೆಗೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಖಾಲಿ ಛಾವಣಿ!

ಅದಕ್ಕೇ ಹೇಳುವುದು, ನೀರು ಎಲ್ಲಿ ಹೋಗುತ್ತದೆ ಎನ್ನುವುದನ್ನು ಮೊದಲು ಕಲಿ. ಜೋರು ಮಳೆ ಬರುವಾಗ ಕೊಡೆ ಹಿಡಿದು ಪಾರ್ಕಿಗೆ ಹೋಗು. ಕಚೇರಿಯಲ್ಲಿ ಕೂತು ಮಾಡುವ ಸಮೀಕ್ಷೆಯಲ್ಲಿ ಇದು ಕಾಣುವುದಿಲ್ಲ.

ಇನ್ನೊಂದು, ಸಿಮೆಂಟಿನ ಚೀಲ ಹಳೆಯ ಗೋಡೆಗಳ ಹತ್ತಿರ ಬರದ ಹಾಗೆ ನೋಡಿಕೋ. ಸುಣ್ಣದ ಗಾರೆಯಲ್ಲಿ ಕಟ್ಟಿದ ಗೋಡೆ ಒಳಗಿನ ತೇವವನ್ನು ಸಂದುಗಳಿಂದ ಹೊರಗೆ ಬಿಡುತ್ತದೆ. ಅದೇ ಸಂದಿಗೆ ಸಿಮೆಂಟು ತುಂಬಿದರೆ ತೇವ ಒಳಗೇ ನಿಲ್ಲುತ್ತದೆ. ಆಮೇಲೆ ಅದು ಕಲ್ಲು, ಇಟ್ಟಿಗೆಯ ಮೂಲಕವೇ ಹೊರಬರಲು ನೋಡುತ್ತದೆ. ಕಲ್ಲಿನ ಮುಖ ಪದರ ಪದರವಾಗಿ ಉದುರುತ್ತದೆ, ಸಿಮೆಂಟು ಮಾತ್ರ ಗಟ್ಟಿಯಾಗಿ ನಿಂತಿರುತ್ತದೆ. ‘ಚೆನ್ನಾಗಿ ಗಟ್ಟಿ ಮಾಡಿಬಿಟ್ಟಿದ್ದೀವಿ ಸಾರ್’ ಎಂದು ಗುತ್ತಿಗೆದಾರ ಹೇಳಿದರೆ ಅಲ್ಲೇ ನಿಲ್ಲಿಸಿ ಏನು ಹಾಕಿದ್ದಾನೆ ಕೇಳು. ಕಲ್ಲಿಗೆ ಬಣ್ಣ ಬಳಿಯುವುದೂ ಬೇಡ. ಕಂಚಿನ ಪ್ರತಿಮೆಗಳನ್ನು ಫಳಫಳ ಹೊಳೆಯುವಂತೆ ಉಜ್ಜಿಸಬೇಡ. ಮೆಲ್ಲಗೆ ತೊಳೆದು, ವರ್ಷಕ್ಕೊಮ್ಮೆ ಮೇಣ ಹಚ್ಚಿದರೆ ಸಾಕು. ಆಸ್ಟ್ರೇಲಿಯಾದ ಬರ್ರಾ ಎಂಬ ಊರಿನಲ್ಲಿ 1979ರಲ್ಲಿ ಒಪ್ಪಿಕೊಂಡ, ಪರಂಪರೆಯ ತಾಣಗಳ ಆರೈಕೆಯ ಸನ್ನದು ಇದನ್ನೇ ಹೇಳುತ್ತದೆ: ಅಗತ್ಯ ಇರುವಷ್ಟು ಬದಲಿಸು, ಆದರೆ ಆದಷ್ಟೂ ಕಡಿಮೆ ಬದಲಿಸು.

ಕಲ್ಲಿನ ವಿಷಯ ಇಷ್ಟಾದರೆ ಗಿಡಮರಗಳದ್ದು ಬೇರೆಯೇ ಲೆಕ್ಕ. ಹಳೆಯ ತೋಟಗಳಿಗೆಂದೇ 1981ರಲ್ಲಿ ಫ್ಲಾರೆನ್ಸ್ ಸನ್ನದು ತಯಾರಾಯಿತು. ಅದು ಇಂಥ ತೋಟವನ್ನು ಜೀವಂತ ಸ್ಮಾರಕ ಎಂದು ಕರೆಯುತ್ತದೆ. ಮರಕ್ಕೆ ವಯಸ್ಸಾಗುತ್ತದೆ, ಸಾಯುತ್ತದೆ. ಸತ್ತ ಮರ ಉಳಿಸಿಕೊಳ್ಳಲು ಆಗುವುದಿಲ್ಲ, ಆದರೆ ಸಾಲನ್ನು ಉಳಿಸಿಕೊಳ್ಳಬಹುದು. ಯಾವ ಜಾತಿ, ಎಷ್ಟು ಅಂತರ, ಸಾಲಿನ ಕೊನೆಯಲ್ಲಿ ಏನು ಕಾಣುತ್ತದೆ, ಇದೇ ಅಲ್ಲಿನ ಪರಂಪರೆ. ಹಾಗಾಗಿ ಇಂದಿನ ಮರ ನಿಂತಿರುವಾಗಲೇ ಮುಂದಿನ ಮರದ ಸಸಿ ಬೆಳೆಸಿಟ್ಟಿರಬೇಕು. ಖಾಲಿ ಬಯಲು ಕಂಡರೆ ಎಲ್ಲರಿಗೂ ಅಲ್ಲೊಂದು ಸಸಿ ನೆಡಬೇಕು ಅನ್ನಿಸುತ್ತದೆ. ಒಳ್ಳೆಯ ಮನಸ್ಸಿನಿಂದಲೇ ಕೇಳುತ್ತಾರೆ, ನಿಜ. ಆದರೆ ಆ ಬಯಲನ್ನು ಯಾರೋ ಬೇಕೆಂದೇ ಖಾಲಿ ಬಿಟ್ಟಿರುತ್ತಾರೆ. ಅಲ್ಲಿ ನಿಂತರೆ ಕೊಳ ಕಾಣಲಿ ಎಂದು. ಇಪ್ಪತ್ತು ವರ್ಷ ಕಳೆದ ಮೇಲೆ ಆ ನೋಟವೇ ಮುಚ್ಚಿಹೋಗಿರುತ್ತದೆ. ಹಳೆಯ ನಕ್ಷೆ ನೋಡದೆ ಒಂದು ಸಸಿಯನ್ನೂ ನೆಡಿಸಬೇಡ.

ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಪಾರ್ಕಿನ ಡೈನೋಸಾರ್‌ಗಳ ಬಗ್ಗೆ ಹೇಳದೆ ಇರಲು ನನ್ನಿಂದ ಆಗುವುದಿಲ್ಲ. ವಾಟರ್‌ಹೌಸ್ ಹಾಕಿನ್ಸ್ ಎಂಬ ಶಿಲ್ಪಿ ಮಾಡಿದ್ದು. 1854ರಲ್ಲಿ ಜನ ಮೊದಲ ಬಾರಿಗೆ ಈ ಪ್ರಾಣಿಗಳನ್ನು ಪೂರ್ತಿ ಗಾತ್ರದಲ್ಲಿ ಕಂಡರು. ಅವುಗಳಲ್ಲಿ ಇಗ್ವಾನೊಡಾನ್‌ಗೆ ಮೂಗಿನ ಮೇಲೆ ಕೊಂಬಿದೆ. ಅದು ಕೊಂಬಲ್ಲ, ಹೆಬ್ಬೆರಳಿನ ಮುಳ್ಳು ಎಂದು ಆಮೇಲೆ ತಿಳಿಯಿತು. ಆದರೂ ಯಾರೂ ಅದನ್ನು ಕಿತ್ತು ಕೈಗೆ ಅಂಟಿಸಲಿಲ್ಲ. ಎಷ್ಟು ಸರಿಯಾದ ತೀರ್ಮಾನ ಅಲ್ವಾ! ಆ ಕೊಂಬು 1854ರ ಜನ ಲೋಕವನ್ನು ಹೇಗೆ ತಿಳಿದಿದ್ದರು ಎನ್ನುವುದಕ್ಕೆ ಸಾಕ್ಷಿ. 2007ರಲ್ಲಿ ಆ ಶಿಲ್ಪಗಳಿಗೆ ಅಲ್ಲಿನ ಅತಿ ಮೇಲಿನ ದರ್ಜೆಯ ರಕ್ಷಣೆ ಸಿಕ್ಕಿತು. ಅಷ್ಟಾದರೂ 2020ರಲ್ಲಿ ಮೆಗಲೋಸಾರಸ್ ಎಂಬ ಇನ್ನೊಂದು ಡೈನೋಸಾರ್‌ನ ಮೂತಿ ಕಳಚಿ ಬಿತ್ತು. ಒಳಗಿನ ಕಬ್ಬಿಣಕ್ಕೆ ತುಕ್ಕು, ಬಿರುಕಿನಲ್ಲಿ ಬೇರು, ಇವು ದರ್ಜೆ ನೋಡಿ ಸುಮ್ಮನಿರುವುದಿಲ್ಲ. ಕಾಗದದ ಮೇಲಿನ ರಕ್ಷಣೆ ಬೇಕೇ ಬೇಕು, ಆದರೆ ಬಿರುಕಿನಲ್ಲಿ ಹುಟ್ಟಿದ ಗಿಡ ಕೀಳಲು ಒಂದು ಕೈ ಬೇಕು.

ಈಗ ನನ್ನನ್ನು ಹೆಚ್ಚು ಕಾಡುವ ವಿಷಯಕ್ಕೆ ಬರುತ್ತೇನೆ. ನಿನ್ನ ಪಾರ್ಕು ಪಾರ್ಕಾಗುವ ಮೊದಲು ಅಲ್ಲಿ ಯಾರಿದ್ದರು?

ಸೆಂಟ್ರಲ್ ಪಾರ್ಕಿನ ಪಶ್ಚಿಮ ಅಂಚಿನಲ್ಲಿ ಸೆನೆಕಾ ವಿಲೇಜ್ ಎಂಬ ಊರಿತ್ತು. 1825ರಿಂದ ಕಪ್ಪು ಜನ ಜಾಗ ಕೊಂಡು, ಮನೆ, ಚರ್ಚು, ಶಾಲೆ ಕಟ್ಟಿಕೊಂಡು ಬದುಕಿದ್ದರು. ಪಾರ್ಕಿಗಾಗಿ 1857ರಲ್ಲಿ ಊರನ್ನೇ ತೆರವು ಮಾಡಿದರು. ಎಷ್ಟೋ ಕಾಲ ಅದು ಯಾರ ಬಾಯಲ್ಲೂ ಇರಲಿಲ್ಲ. 2011ರಲ್ಲಿ ಅಗೆದಾಗ ಮನೆಯ ಅಡಿಪಾಯ ಸಿಕ್ಕಿತು, ಟೀ ಕೆಟಲ್ ಸಿಕ್ಕಿತು, ಪುಟ್ಟ ಶೂ ಒಂದೂ ಸಿಕ್ಕಿತು. ಇದನ್ನು ಓದಿದ ಮೇಲೆ ಆ ಪಾರ್ಕಿನ ಹುಲ್ಲುಹಾಸು ನನಗೆ ಮೊದಲಿನ ಹಾಗೆ ಕಾಣುವುದಿಲ್ಲ.

ಕೆನಡಾದ ವ್ಯಾಂಕೂವರಿನ ಸ್ಟಾನ್ಲಿ ಪಾರ್ಕಿನಲ್ಲಿ ಇನ್ನೂ ಸಂಕಟದ ಮಾತು. ಅಲ್ಲಿ ಮೂಲನಿವಾಸಿಗಳ ಹಳ್ಳಿಗಳಿದ್ದವು. ತಲೆಮಾರುಗಳು ತಿಂದು ಬಿಟ್ಟ ಚಿಪ್ಪುಗಳು ದೊಡ್ಡ ದಿಬ್ಬವಾಗಿದ್ದವು. 1888ರಲ್ಲಿ ಪಾರ್ಕಿನ ರಸ್ತೆ ಮಾಡುವಾಗ ಆ ಚಿಪ್ಪುಗಳನ್ನೇ ಅಗೆದು ರಸ್ತೆಗೆ ಹಾಸಿದರು. ಒಂದು ಜನಾಂಗದ ನೆನಪಿನ ಮೇಲೆ ಗಾಡಿ ಓಡಿತು. ಈಗ ಅಲ್ಲಿನ ಪಾರ್ಕಿನ ಆಡಳಿತ ಮಸ್ಕ್ವಿಯಮ್, ಸ್ಕ್ವಾಮಿಶ್, ಸ್ಲೇಲ್‌ವಾಟುತ್ ಸಮುದಾಯಗಳ ಜೊತೆ ಕೂತು ಯೋಜನೆ ಮಾಡುತ್ತದೆ. ತಡವಾಯಿತು, ನಿಜ. ಆದರೂ ಅಗೆಯುವ ಮೊದಲು ಕೇಳುವ ರೂಢಿ ಬಂತಲ್ಲ.

ನೀನೂ ಹಾಗೇ ಕೇಳು. ಪಾರ್ಕಿನ ಸುತ್ತಮುತ್ತ ಹಳೆಯ ಮನೆತನದವರು, ನಿವೃತ್ತ ಮಾಲಿಗಳು ಇದ್ದರೆ ಅವರ ಮಾತು ರೆಕಾರ್ಡ್ ಮಾಡಿಸು. ಅವರಿಗೆ ವಯಸ್ಸಾಗಿರುತ್ತದೆ, ಗೋಡೆಗಳಿಗಿಂತ ಇದು ಅವಸರದ ಕೆಲಸ. ಯಾವ ದಾರಿ ಮೊದಲು ಎಲ್ಲಿತ್ತು, ಯಾವ ಕಲ್ಲಿಗೆ ಯಾರು ಕೈ ಮುಗಿಯುತ್ತಿದ್ದರು, ಯಾವ ಬಾವಿ ಮುಚ್ಚಿದರು, ಇದೆಲ್ಲ ಯಾವ ಕಡತದಲ್ಲೂ ಇರುವುದಿಲ್ಲ ಕಣೋ.

ಜಾತ್ರೆಯಂಥ ದೊಡ್ಡ ಕಾರ್ಯಕ್ರಮಗಳಿಗೆ ಅನುಮತಿ ಕೊಡಬೇಕಾ ಎಂದೂ ಕೇಳಿದ್ದೀಯ. ಜನ ಸೇರುವುದು ಪಾರ್ಕಿನ ಪರಂಪರೆಯೇ, ಕೊಡು. ಲಾರಿಗಳನ್ನು ಮಾತ್ರ ಮರದ ಬುಡಕ್ಕೆ ಬಿಡಬೇಡ. ಮಣ್ಣು ಒತ್ತಿಹೋದರೆ ಬೇರಿಗೆ ಗಾಳಿ, ನೀರು ಸಿಗುವುದಿಲ್ಲ. ಮರ ಸಾಯಲು ಕೆಲವು ವರ್ಷ ಹಿಡಿಯುತ್ತದೆ, ಅಷ್ಟರಲ್ಲಿ ಕಾರಣ ಮರೆತೇ ಹೋಗಿರುತ್ತದೆ.

ಪೈಪ್‌ಲೈನ್ ಹಾಕಲು ಪಾರ್ಕಿನಲ್ಲಿ ಕಾಲುವೆ ತೋಡುತ್ತಾರೆ ಎಂದು ನೀನು ಬರೆದದ್ದು ನನಗೆ ಚಿಂತೆ ತಂದಿದೆ. ಅದು ಸಾಲುಮರಗಳ ಪಕ್ಕದಲ್ಲೇ ಹಾದುಹೋಗುವುದಾದರೆ ಯಂತ್ರದಿಂದ ಅಗೆಯಲು ಬಿಡಬೇಡ, ಆ ಭಾಗವನ್ನು ಕೈಯಲ್ಲೇ ಅಗೆಸು. ಅಗೆಯುವಾಗ ಪುರಾತತ್ವ ಗೊತ್ತಿರುವವರು ಒಬ್ಬರು ಅಲ್ಲೇ ನಿಂತಿರಲಿ. ಹಳೆಯ ನಕ್ಷೆಗಳು ಕೈಗೆ ಸಿಕ್ಕ ತಕ್ಷಣ ಫೋಟೋ ತೆಗೆದು ಕಳಿಸು. ಕಾಲುವೆಯ ಗೆರೆಯನ್ನು ಆ ನಕ್ಷೆಗಳ ಮೇಲೆ ಇಟ್ಟು ಇಬ್ಬರೂ ಸೇರಿ ನೋಡೋಣ.

ನಿನ್ನ ಪ್ರೀತಿಯ ಗೆಳೆಯ