ಗೀಟು ಎಳಿ, ಅಳಿಸಬೇಡ

ದಾವಣಗೆರೆ

ಮಗಳೇ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದು ತಲೆಯಲ್ಲೇ ಕೂತಿದೆ. ನಿನ್ನ ಸಂಶೋಧನೆಗೆ ಅಳೆದ ಚಿತ್ರದುರ್ಗದ ಕಡೆಯ ಮೂವತ್ತು ಬೋರ್‌ವೆಲ್ ನೀರಿನಲ್ಲಿ ಎರಡರಲ್ಲಿ ಮಾತ್ರ ಫ್ಲೋರೈಡ್ ವಿಪರೀತ ಜಾಸ್ತಿ, ಗ್ರಾಫ್ ಕೆಡಿಸುತ್ತಿದೆ, ‘ಬಿಟ್ಟುಬಿಡ್ಲಾ ದೊಡ್ಡಪ್ಪ?’ ಅಂದೆ. ಆಗ ಸುಮ್ನೆ ಹ್ಞೂಂ ಅಂದುಬಿಟ್ಟೆ. ಅದು ನನ್ನ ತಪ್ಪು.

ನಾನು ಮಳೆ ಅಳೆಯುತ್ತಿದ್ದ ಕಾಲ ನಿನಗೆ ಗೊತ್ತಲ್ವಾ? ಬೆಳಿಗ್ಗೆ 8.30ಕ್ಕೆ ಮಾಪಕದ ನೀರನ್ನು ಅಳತೆಗಾಜಿಗೆ ಸುರಿದು ರಿಜಿಸ್ಟರಿನಲ್ಲಿ ಬರೆಯಬೇಕು. ಒಂದು ದಿನ ಜ್ವರ. ರಾತ್ರಿ ಹಂಚಿನ ಮೇಲೆ ಕೇಳಿದ ಸದ್ದಿನ ಮೇಲೆಯೇ ಅಂದಾಜು ಕಟ್ಟಿ 12 ಮಿ.ಮೀ. ಅಂತ ಬರೆಸಿದೆ. ಯಾರೂ ಕೇಳಲಿಲ್ಲ. ಆ 12 ತಿಂಗಳ ಲೆಕ್ಕಕ್ಕೆ ಸೇರಿತು, ವರ್ಷದ ಲೆಕ್ಕಕ್ಕೂ ಸೇರಿತು. ‘ಅಳೆದಿಲ್ಲ’ ಅಂತ ಬರೆದಿದ್ದರೆ ಹೆಚ್ಚೆಂದರೆ ಬೈಸಿಕೊಳ್ಳುತ್ತಿದ್ದೆ.

ನಕಲು ತಡೆಯಲು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಮಾಡಿದ 2018ರ ನಿಯಮ ಓದಿದೆ. ಪ್ರಬಂಧದಲ್ಲಿ ಬೇರೆಯವರ ಬರಹದ ಹೋಲಿಕೆ ಶೇ 10ರೊಳಗಿದ್ದರೆ ದಂಡವಿಲ್ಲ. 40 ದಾಟಿದರೆ ಒಂದು ವರ್ಷ ತಿದ್ದಿ ಕೊಡುವಂತಿಲ್ಲ, 60 ದಾಟಿದರೆ ನೋಂದಣಿಯೇ ರದ್ದು. ಎಲ್ಲರೂ ಆ 10ರ ಹಿಂದೆಯೇ ಬಿದ್ದಿದ್ದೀರಿ. ನಿನ್ನ ಎರಡು ಬೋರ್‌ವೆಲ್ ಕಾಣೆಯಾದರೆ ಹೋಲಿಕೆ ಹುಡುಕುವ ಯಾವ ಸಾಫ್ಟ್‌ವೇರ್ ಹಿಡಿಯುತ್ತೆ ಹೇಳು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ನಕಲಿನ ಜೊತೆಗೆ ಇಲ್ಲದ ಅಂಕಿ ಹುಟ್ಟಿಸುವುದನ್ನೂ ಇದ್ದದ್ದನ್ನು ತಿರುಚುವುದನ್ನೂ ದುರ್ನಡತೆ ಅಂತಲೇ ಎಣಿಸುತ್ತದೆ.

ಮೊದಲು ಆ ಎರಡೂ ಕಡೆ ಮತ್ತೆ ಹೋಗು. ಗಾಜಿನ ಬಾಟಲಿ ಆಗಲ್ಲ, ಪ್ಲಾಸ್ಟಿಕ್ಕೇ ಬೇಕು ಅಂತ ನೀನೇ ಹೇಳಿದ್ದೆ. ಅವತ್ತು ಯಾವುದಿತ್ತು? ಫ್ಲೋರೈಡ್ ಅಳೆಯುವ ಎಲೆಕ್ಟ್ರೋಡ್ ಪರೀಕ್ಷಿಸಿದ್ದೆಯಾ? ತಪ್ಪು ಸಿಕ್ಕರೆ ಹಳೇ ಅಂಕಿ ಕಾಣುವಂತೆ ಒಂದೇ ಗೀಟು ಎಳಿ. ಪಕ್ಕದಲ್ಲಿ ಸರಿ ಅಂಕಿ, ಕಾರಣ, ತಾರೀಕು, ಸಹಿ. ವೈಟ್ನರ್ ಮುಟ್ಟಬೇಡ. ತಪ್ಪು ಸಿಗದಿದ್ದರೆ ಎರಡೂ ಟೇಬಲ್‌ನಲ್ಲೇ ಇರಲಿ, ಗ್ರಾಫ್ ಹಾಳಾಗಲಿ. ಲೀಟರಿಗೆ 1.5 ಮಿಲಿಗ್ರಾಂ ಫ್ಲೋರೈಡ್ ಅನ್ನುವ ಮಿತಿ ದಾಟಿದ ನೀರು ಅದು. ನೀನು ಬಿಟ್ಟರೂ ಆ ಊರಿನವರು ಅದನ್ನೇ ಕುಡಿಯುತ್ತಾರೆ. ಅದರಿಂದ ಕಲೆಗಟ್ಟಿದ ಮಕ್ಕಳ ಹಲ್ಲು ನೀನೇ ನೋಡಿ ಬಂದಿದ್ದೀಯ.

ಗೈಡ್ ಒಪ್ಪದಿದ್ದರೆ ಜಗಳ ಬೇಡ. ಮೂವತ್ತರ ಗ್ರಾಫನ್ನೂ ಇಪ್ಪತ್ತೆಂಟರದನ್ನೂ ಎದುರಿಗಿಟ್ಟು, ಬಿಡಲು ಕಾರಣ ಏನಂತ ಬರೆಯಲಿ ಅಂತ ಕೇಳು.

ಹೋಗುವಾಗ ನನಗೂ ಹೇಳು. ಆರು ಗಂಟೆ ಬಸ್ಸು ಹಿಡಿದರೆ ಬಿಸಿಲೇರುವ ಮೊದಲೇ ಮುಗಿಯುತ್ತದೆ. ಬಾಟಲಿಗೆ ಚೀಟಿ ಅಂಟಿಸುವ ಕೆಲಸ ನನಗಿರಲಿ.

ಇಂತಿ,
ನಿನ್ನ ದೊಡ್ಡಪ್ಪ