ಬೀರುವಿನಲ್ಲಿದ್ದ ನೋಟ್‌ಬುಕ್ಕು

ಚಿ. ಸುಮಾಳಿಗೆ ಅತ್ತೆಯ ಆಶೀರ್ವಾದಗಳು.

ನಿನ್ನ ಕಾಗದ ಬಂದು ನಾಲ್ಕು ದಿನ ಆಯ್ತು. ಒಂದು ಸಾಲು ಮಾತ್ರ ಮನಸ್ಸಿನಿಂದ ಹೋಗುತ್ತಿಲ್ಲ. ಮೂರು ಮಳೆಗಾಲ ಆಗುಂಬೆಯಲ್ಲಿ ನೆನೆದು ರೆಕಾರ್ಡ್ ಮಾಡಿದ ಕಪ್ಪೆಗಳ ಕೂಗನ್ನೆಲ್ಲ ಹಂಚಿಬಿಟ್ಟರೆ, ಇನ್ಯಾರೋ ನನಗಿಂತ ಮುಂಚೆ ಪೇಪರ್ ಬರೆದುಬಿಡಲ್ವಾ ಅಂತ ಕೇಳಿದ್ದೀಯ.

ಇದೇ ಭಯ ನನಗೂ ಇತ್ತು ಕಣೇ.

ರಾಗಿಯ ಬೆಂಕಿ ರೋಗದ ಲೆಕ್ಕವನ್ನು 11 ವರ್ಷ ಬರೆದಿಟ್ಟಿದ್ದೆ. ಯಾವ ತಾಕಿನಲ್ಲಿ ಎಷ್ಟು ತೆನೆಗೆ ತಗುಲಿತು, ಆ ವಾರ ಮಳೆ ಎಷ್ಟು, ಎಲ್ಲಾ. 1997ರಲ್ಲಿ ಧಾರವಾಡದ ಕಡೆಯ ಹುಡುಗನೊಬ್ಬ ಬಂದ. ಮಳೆಗೂ ರೋಗಕ್ಕೂ ಇರುವ ಸಂಬಂಧ ನೋಡುತ್ತೇನೆ, ಕೊಡಿ ಮೇಡಂ ಅಂದ. ಎರಡು ಸಲ ಕೇಳಿದ. ಮುಂದಿನ ವರ್ಷ ನೋಡೋಣ ಅಂದು ಬೀರುವಿಗೆ ಬೀಗ ಹಾಕಿದೆ. ಅದರ ಹಿಂದಿನ ವರ್ಷವೇ ಬರ್ಮುಡಾದಲ್ಲಿ ಜೀನೋಮ್ (ಜೀವಿಯ ಪೂರ್ತಿ ವಂಶವಾಹಿ ಮಾಹಿತಿ) ಓದುವ ಕೆಲಸದವರು ಸೇರಿ, ಓದಿದ ಡಿಎನ್‌ಎಯನ್ನು 24 ಗಂಟೆಯೊಳಗೆ ಎಲ್ಲರಿಗೂ ಬಿಟ್ಟುಕೊಡಬೇಕು ಅಂತ ಒಪ್ಪಿಕೊಂಡಿದ್ದರಂತೆ. ನನಗೆ ಗೊತ್ತಾದದ್ದು ಎಷ್ಟೋ ವರ್ಷ ಆದಮೇಲೆ. ಗೊತ್ತಿದ್ದರೂ ಕೊಡುತ್ತಿರಲಿಲ್ಲ ಬಿಡು. ಪೇಪರ್ ನಾನೇ ಬರೆಯಬೇಕು ಅಂತಿತ್ತು. ಬರೆಯಲಿಲ್ಲ. ಯಾಕೆ ಅಂತ ನಿನಗೆ ಗೊತ್ತು.

ನಿನ್ನ ಕಾಗದ ಓದಿದ ಮೇಲೆ ಆ ನೋಟ್‌ಬುಕ್ ತೆಗೆದೆ. ಗೆದ್ದಲು ಹತ್ತಿಲ್ಲ, ಶಾಯಿಯೂ ಮಾಸಿಲ್ಲ. ನಾಲ್ಕನೇ ಕಾಲಂ ಮೇಲೆ 'ಕೆ-2' ಅಂತಿದೆ. ಕೆಳಗೆ 3, 5, 1, 3. ಕೆ-2 ಅಂದರೆ ಏನು? ಕಾಫಿ ಆರಿಹೋಗುವವರೆಗೂ ಯೋಚಿಸಿದೆ. ನನ್ನದೇ ಕೈಬರಹ, ಹೊಳೆಯಲಿಲ್ಲ. ಯಾರೋ ಕದ್ದಾರು ಅಂತ ಕಾದಿದ್ದೆ, ಈಗ ಕದ್ದವನಿಗೂ ಪ್ರಯೋಜನವಿಲ್ಲ.

ಹಾಗಂತ ನಿನ್ನ ಹೆದರಿಕೆ ಸುಳ್ಳು ಅನ್ನಲಾರೆ. 2020ರ ಜನವರಿಯಲ್ಲಿ ಚೀನಾದ ವಿಜ್ಞಾನಿ ಝಾಂಗ್ ಯೋಂಗ್‌ಝೆನ್ ಕೊರೊನಾ ವೈರಸ್ಸಿನ ಜೀನೋಮ್ ಹೊರಗೆ ಬಿಟ್ಟರು. ಲಸಿಕೆಯವರು ಅದನ್ನೇ ಹಿಡಿದು ಕೆಲಸ ಶುರು ಮಾಡಿದರು. ಝಾಂಗ್ ಅವರ ಲ್ಯಾಬನ್ನು ಮಾತ್ರ, ಜೀನೋಮ್ ಬಿಟ್ಟ ಮಾರನೇ ದಿನವೇ ಮುಚ್ಚಿಸಿದರು. ಕೊಟ್ಟವರಿಗೆ ಒಳ್ಳೆಯದೇ ಆಗುತ್ತದೆ ಅಂತ ಯಾವ ಬಾಯಲ್ಲಿ ಹೇಳಲಿ?

ಆದರೆ ಯಾರೋ ಮುಂಚೆ ಬರೆದುಬಿಡುತ್ತಾರೆ ಅನ್ನುವುದಕ್ಕೆ ಒಂದು ಮಾತಿದೆ. ಭೌತಶಾಸ್ತ್ರದವರು 1991ರಿಂದಲೂ ಆರ್ಕೈವ್ ಅನ್ನುವ ಆನ್‌ಲೈನ್ ಸಂಗ್ರಹದಲ್ಲಿ ಪೇಪರನ್ನು ಪತ್ರಿಕೆಯಲ್ಲಿ ಅಚ್ಚಾಗುವ ಮೊದಲೇ ಹಾಕಿಬಿಡುತ್ತಾರೆ. ಹಾಕಿದ ತಾರೀಖು ಅಲ್ಲೇ ಬೀಳುತ್ತದೆ. ಯಾರು ಮೊದಲು ಅಂತ ಜಗಳ ಬಂದರೆ ಅದೇ ಸಾಕ್ಷಿ. ನಿನ್ನ ರೆಕಾರ್ಡಿಂಗನ್ನು ಝೆನೊಡೊ ಅನ್ನುವ, ಸಂಶೋಧನೆಯ ಮಾಹಿತಿ ಇಡುವ ಆನ್‌ಲೈನ್ ಸಂಗ್ರಹದಲ್ಲಿ ಇಟ್ಟು, ಇಂಥ ದಿನದವರೆಗೆ ತೆರೆಯಬಾರದು ಅಂತಲೂ ಹಾಕಬಹುದಂತೆ. ನಿನಗೆ ಇದೆಲ್ಲ ನನಗಿಂತ ಜಾಸ್ತಿ ಗೊತ್ತಿರುತ್ತದೆ, ಸುಮ್ನೆ ಹೇಳಿದೆ.

ಕಪ್ಪೆ ಸಿಕ್ಕ ಹಳ್ಳದ ಗುರುತು ಮಾತ್ರ ಪೂರ್ತಿ ಕೊಡಬೇಡ, ಕ್ಯಾಮೆರಾದವರು ಬಂದು ತುಳಿದುಹಾಕುತ್ತಾರೆ. ಮತ್ತೆ ಪ್ರತಿ ಕಾಲಂ ಏನು ಅಂತ ಒಂದು ಹಾಳೆಯಲ್ಲಿ ಬಿಡಿಸಿ ಬರೆದಿಡು. ಇವತ್ತೇ ಬರಿ.

ನಿಮ್ಮಪ್ಪನನ್ನು ಒಂದು ಮಾತು ಕೇಳು. ರಜೆಗೆ ಬಂದಾಗ ನನ್ನ ಜೊತೆ ಕೂತು ತೆನೆ ಎಣಿಸುತ್ತಿದ್ದ. ಕೆ-2 ಅಂದರೆ ಏನು ಅಂತ ಅವನಿಗೇನಾದರೂ ನೆನಪಿರಬಹುದು.

ಇಂತಿ ನಿನ್ನ,
ಅತ್ತೆ