ತುಕ್ಕು ಹಿಡಿಯದ ಸ್ಟೀಲೂ ಹಾಳಾಗುತ್ತೆ

ಸಂಪಾದಕರಿಗೆ ನಮಸ್ಕಾರ,

ಹಳೇ ಅಣು ರಿಯಾಕ್ಟರ್‌ಗಳನ್ನ 40 ವರ್ಷದ ಬದಲು 60 ವರ್ಷ ಓಡಿಸೋ ಸುದ್ದಿ ಬಂದಾಗಲೆಲ್ಲ ಕರೆಂಟ್ ಎಷ್ಟು, ಖರ್ಚು ಎಷ್ಟು ಅಂತ ಬರೀತೀರಿ, ಆದ್ರೆ ಅಷ್ಟೂ ವರ್ಷ ನ್ಯೂಟ್ರಾನ್ ಏಟು ತಿಂದ ಒಳಗಿನ ಸ್ಟೇನ್‌ಲೆಸ್ ಸ್ಟೀಲ್ ಈಗ ಹೇಗಿದೆ ಅಂತ ಒಂದು ಸಾಲೂ ಇರಲ್ಲ. ಲೋಹಶಾಸ್ತ್ರ ಓದಿದವನು ನಾನು, ಓದಿ ಓದಿ ಬೇಜಾರಾಗಿ ಬರೀತಿದ್ದೀನಿ.

ಈ ಸ್ಟೀಲ್‌ಗೆ ತುಕ್ಕು ಹಿಡಿಯದೇ ಇರೋದು ಮೇಲಿರೋ ಕ್ರೋಮಿಯಂ ಆಕ್ಸೈಡ್ ಪದರದಿಂದ. ನ್ಯೂಟ್ರಾನ್‌ಗೆ ಆ ಪದರ ಲೆಕ್ಕಕ್ಕೇ ಇಲ್ಲ, ಸೀದಾ ಒಳಗೆ ನುಗ್ಗಿ ಒಂದು ಪರಮಾಣುಗೆ ಗುದ್ದುತ್ತೆ, ಅದು ಜಾಗ ಬಿಟ್ಟು ಪಕ್ಕದವನ್ನ ತಳ್ಳುತ್ತೆ, ಅವು ಇನ್ನಷ್ಟನ್ನ ತಳ್ತವೆ, ಹೆಚ್ಚಿನವು ಆ ಕ್ಷಣದಲ್ಲೇ ಯಾವುದೋ ಖಾಲಿ ಜಾಗ ಹುಡುಕಿ ಕೂತ್ಕೋತವೆ, ಕೂರದೇ ಉಳಿದವೇ ತಾಪತ್ರಯ. ಇದರ ಅಳತೆ ಡಿಪಿಎ (ಡಿಸ್‌ಪ್ಲೇಸ್‌ಮೆಂಟ್ಸ್ ಪರ್ ಆಟಮ್). 1 ಡಿಪಿಎ ಅಂದ್ರೆ ಸರಾಸರಿ ಪ್ರತಿ ಪರಮಾಣುವೂ ಒಂದು ಸಲ ಎದ್ದು ಹೋಗಿದೆ ಅಂತ. ನ್ಯೂಟ್ರಾನ್‌ಗಳ ವೇಗ ತಗ್ಗಿಸದೇ ಓಡೋ ಫಾಸ್ಟ್ ರಿಯಾಕ್ಟರ್‌ನಲ್ಲಿ ಇಂಧನ ತುಂಬಿಡೋ ಸ್ಟೀಲ್ ಕೊಳವೆ 100 ಡಿಪಿಎ ತನಕ ತಡೀಬೇಕಾಗುತ್ತೆ, ಯೋಚನೆ ಮಾಡಿ.

ಹೀಗೆ ತುಂಬದೇ ಉಳಿದ ಖಾಲಿ ಜಾಗಗಳೆಲ್ಲ ಸೇರಿ ಲೋಹದೊಳಗೆ ಟೊಳ್ಳು ಬೀಳುತ್ತೆ, ಜೊತೆಗೆ ಸ್ಟೀಲ್‌ನಲ್ಲಿರೋ ನಿಕ್ಕಲ್‌ಗೆ ನ್ಯೂಟ್ರಾನ್ ಬಡಿದು ಹುಟ್ಟೋ ಹೀಲಿಯಂ ಆ ಟೊಳ್ಳು ಮುಚ್ಚಿಹೋಗದ ಹಾಗೆ ನೋಡ್ಕೊಳ್ಳುತ್ತೆ, ಸ್ಟೀಲೇ ಊದಿಕೊಳ್ಳುತ್ತೆ. 1967ರಲ್ಲಿ ಸ್ಕಾಟ್ಲೆಂಡಿನ ಡೌನ್ರೇ ರಿಯಾಕ್ಟರ್‌ನ ಕೊಳವೆಗಳನ್ನ ಎಲೆಕ್ಟ್ರಾನ್ ಮೈಕ್ರೋಸ್ಕೋಪಲ್ಲಿ ನೋಡಿದ ಕಾಥಾರ್ನ್ ಮತ್ತು ಫುಲ್ಟನ್ ಇದನ್ನ ಮೊದಲು ವರದಿ ಮಾಡಿದ್ರು. ಆಮೇಲೆ ಟೈಟಾನಿಯಂ ಬೆರೆಸಿದ ಸ್ಟೀಲ್, ನಿಕ್ಕಲ್ ತೀರಾ ಕಮ್ಮಿ ಇರೋ ಫೆರಿಟಿಕ್-ಮಾರ್ಟೆನ್ಸಿಟಿಕ್ ಸ್ಟೀಲ್ ಎಲ್ಲ ಬಂದ್ವು, ಊತ ಸಾಕಷ್ಟು ಹತೋಟಿಗೆ ಬಂತು, ಅದನ್ನೂ ಹೇಳಲೇಬೇಕು.

ನೀರಿನಿಂದ ತಂಪಾಗಿಸೋ ರಿಯಾಕ್ಟರ್‌ಗಳಲ್ಲಿ ಊತಕ್ಕಿಂತ ಬಿರುಕಿನ ಕಾಟ ಜಾಸ್ತಿ. ವಿಕಿರಣದಿಂದ ಲೋಹ ಗಡಸಾಗುತ್ತೆ, ಬಾಗೋ ಗುಣ ಹೋಗುತ್ತೆ, ಲೋಹದೊಳಗಿನ ಹರಳುಕಣಗಳ ಅಂಚಲ್ಲಿ ಕ್ರೋಮಿಯಂ ಕಮ್ಮಿಯಾಗುತ್ತೆ, ಅದರ ಮೇಲೆ ಬಿಸಿನೀರು ಮತ್ತು ಎಳೆತ ಸೇರಿದ್ರೆ ಸೀಳು ಬಿಡುತ್ತೆ. 2016ರಲ್ಲಿ ಅಮೆರಿಕದ ಇಂಡಿಯನ್ ಪಾಯಿಂಟ್ 2ನೇ ಘಟಕದಲ್ಲಿ ಕೋರ್ (ಇಂಧನ ಇರೋ ನಡುಭಾಗ) ಸುತ್ತಲಿನ 832 ಬೋಲ್ಟ್ ಪರೀಕ್ಷೆ ಮಾಡಿದಾಗ 227 ಸರಿಯಿಲ್ಲ ಅಂತ ಗೊತ್ತಾಯ್ತು. ಬೋಲ್ಟ್ ಬದಲಾಯಿಸಬಹುದು, ಬದಲಾಯಿಸಿದ್ರು, ಆದ್ರೆ ಹುಡುಕಿದ್ದಕ್ಕೆ ತಾನೇ ಸಿಕ್ಕಿದ್ದು!

ಜನರನ್ನ ಹೆದರಿಸಿ ಅಂತ ನಾನು ಹೇಳ್ತಿಲ್ಲ. ಮುಂದಿನ ಸಲ ಆಯಸ್ಸು ವಿಸ್ತರಣೆ ಸುದ್ದಿ ಮಾಡುವಾಗ ಒಳಗಿನ ಭಾಗಗಳು ಎಷ್ಟು ಡಿಪಿಎ ಕಂಡಿವೆ, ಕೊನೇ ಅಲ್ಟ್ರಾಸಾನಿಕ್ ತಪಾಸಣೆ ಯಾವಾಗ ಆಯ್ತು, ಬದಲಾಯಿಸೋಕೆ ಆಗದ ಭಾಗ ಯಾವುದು ಅಂತ ಅಧಿಕಾರಿಗಳನ್ನ ಕೇಳಿ, ಬಂದ ಉತ್ತರ ಹಾಗೇ ಪ್ರಿಂಟ್ ಮಾಡಿ.

ಇಂತಿ,
ನಿಮ್ಮ ಓದುಗ